ತಟ್ಟೆಯಿಂದ ತೋಟಕ್ಕೆ ಏನು ಹೋಗುತ್ತಿದೆ?

ಬೆಂಗಳೂರಿನ ಹೊರವಲಯಕ್ಕೆ ಒಳ್ಳೆಯ ಊಟ ಬಂದದ್ದು ಐ.ಟಿ. ಕಂಪನಿಗಳ ಬೆನ್ನಿಗೆ ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಮೊದಲು ಇಲ್ಲಿ ಏನಿತ್ತು, ಬಯಲು, ಕೆರೆ, ನೀಲಗಿರಿ ತೋಪು, ರಸ್ತೆ ಬದಿಗೊಂದು ಮುದ್ದೆ ಹೋಟೆಲು ಅಷ್ಟೇ ತಾನೆ ಎನ್ನುತ್ತಾರೆ. ಆಮೇಲೆ ಊರೂರುಗಳಿಂದ ಜನ ಬಂದರು, ಅವರ ಹಿಂದೆ ಬ್ರೂವರಿ ಬಂತು, 'ಫಾರ್ಮ್ ಟು ಟೇಬಲ್' ಎಂದು ಬೋರ್ಡು ಹಾಕಿದ ರೆಸ್ಟೋರೆಂಟುಗಳು ಬಂದವು, ಶನಿವಾರ ಭಾನುವಾರ ನಂದಿ ಬೆಟ್ಟದ ತಪ್ಪಲಿನ ದ್ರಾಕ್ಷಿತೋಟಕ್ಕೆ ಹೋಗಿ ವೈನ್ ರುಚಿ ನೋಡಿ ಬರುವ ಟೂರು ಶುರುವಾಯಿತು. ಹೀಗೆ ನಮಗೂ ಒಂದು ವೈನ್ ಸೀಮೆ ಆಯಿತಂತೆ. ರೈತನಿಗೆ ಮಾರುಕಟ್ಟೆ, ಉಣ್ಣುವವನಿಗೆ ತಾಜಾ ಪದಾರ್ಥ, ಊರಿಗೆ ಹೆಸರು.

ಈ ಮಾತನ್ನು ನಾನು ಒಪ್ಪುವುದಿಲ್ಲ. ವೈಟ್‌ಫೀಲ್ಡಿನ ರೆಸ್ಟೋರೆಂಟುಗಳಲ್ಲಿ ರುಚಿ ಇಲ್ಲ ಎಂದು ನನ್ನ ದೂರಲ್ಲ. ಕೆಲವು ಕಡೆ ಅಡುಗೆ ನಿಜಕ್ಕೂ ಚೆನ್ನಾಗಿದೆ, ಅಡುಗೆಯವರ ಶ್ರದ್ಧೆ ದೊಡ್ಡದು. ನನ್ನ ಜಗಳ ಆ ಕಥೆಯ ಜೊತೆ. ತೋಟದಿಂದ ತಟ್ಟೆಗೆ ಬರುವ ದಾರಿಯನ್ನು ಅದು ಬಣ್ಣ ಬಳಿದು ತೋರಿಸುತ್ತದೆ. ತಟ್ಟೆಯಿಂದ ತೋಟಕ್ಕೆ ವಾಪಸು ಹೋಗುವ ದಾರಿ ಇನ್ನೊಂದಿದೆ. ಆ ದಾರಿಯಲ್ಲಿ ಹೋಗುವುದು ನಾವು ಕೊಡುವ ಬೆಲೆ, ನಾವು ಬಿಡುವ ನೀರು, ಜಮೀನು ಕಸಿಯುವ ಭೂಸ್ವಾಧೀನದ ನೋಟಿಫಿಕೇಷನ್ನು. ಈ ಮೂರನ್ನು ಬಿಟ್ಟು ಒಳ್ಳೆಯ ಊಟದ ಮಾತಾಡುವುದು ಬೇರು ಕಡಿದು ಗಿಡಕ್ಕೆ ನೀರು ಚಿಮುಕಿಸಿದ ಹಾಗೆ.

ಮೊದಲು ಇಲ್ಲಿ ಏನೂ ಇರಲಿಲ್ಲ ಎಂಬುದರಿಂದಲೇ ಶುರುಮಾಡುತ್ತೇನೆ. ವೈಟ್‌ಫೀಲ್ಡ್ ಹುಟ್ಟಿದ್ದೇ ಬೇಸಾಯಕ್ಕೆ. 1882ರಲ್ಲಿ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಕೊಟ್ಟರು. ಆ ಜನ ಉತ್ತು ಬಿತ್ತಿ ಬದುಕಲಿ ಎಂಬುದು ಉದ್ದೇಶ. ಸಂಘದ ಮುಂದಾಳು ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ಉಳಿಯಿತು. ಎಲೆಕ್ಟ್ರಾನಿಕ್ ಸಿಟಿಯ ಕೆಳಗೆ ಇರುವುದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲ. ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು 1970ರ ದಶಕದ ಕೊನೆಯಲ್ಲಿ ಅಲ್ಲಿ ನಕ್ಷೆ ಹಾಸುವ ತನಕ ಆ ಸೀಮೆ ರಾಗಿ, ಹುರುಳಿ, ಅವರೆಯ ಬಯಲು. ಬರಿಯ ಬಯಲು ಎಂದು ಕರೆಯುವವರು ಬೆಳೆ ಕೊಯ್ದ ಮೇಲಿನ ಹೊಲ ನೋಡಿರಬೇಕು.

ಇನ್ನು ದ್ರಾಕ್ಷಿ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರಿಗೆಲ್ಲ ಹಾಪ್‌ಕಾಮ್ಸ್ ಗೊತ್ತು. ಮೂಲೆ ಮೂಲೆಯಲ್ಲಿದ್ದ ಆ ಹಸಿರು ಮಳಿಗೆ, ಒಳಗೆ ತಕ್ಕಡಿ, ಹೊರಗೆ ಸ್ಲೇಟಿನ ಮೇಲೆ ಬರೆದ ದರಪಟ್ಟಿ. ಅದು 1959ರಲ್ಲಿ ಹುಟ್ಟಿದಾಗ ಬೆಂಗಳೂರು ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿತ್ತು. ತೋಟಗಾರಿಕೆ ಇಲಾಖೆಯ ಎಂ.ಎಚ್. ಮರೀಗೌಡರು ಮುಂದೆ ನಿಂತು ಕಟ್ಟಿಸಿದ ಸಂಘ ಅದು. ದಲ್ಲಾಳಿಯ ಕೈಗೆ ಸಿಕ್ಕಿ ಬೆಳೆಗಾರ ಸೋಲಬಾರದು, ತೋಟದ ಹಣ್ಣು ನೇರ ಮನೆಗೆ ಹೋಗಬೇಕು ಎಂಬುದು ಅದರ ಹಿಂದಿನ ಯೋಚನೆ. ತೋಟದಿಂದ ತಟ್ಟೆಗೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಯಾವ ರೆಸ್ಟೋರೆಂಟು ತೋರಿಸೀತು? ಅಲ್ಲಿ ದರ ಸ್ಲೇಟಿನ ಮೇಲಿತ್ತು. ದಾರಿಯಲ್ಲಿ ಹೋಗುವ ಯಾರು ಬೇಕಾದರೂ ನಿಂತು ಓದಬಹುದಿತ್ತು. ಈಗ ಎಷ್ಟೋ ಮಳಿಗೆಗಳ ಬಾಗಿಲು ಮುಚ್ಚಿದೆ, ಅದನ್ನು ಕಂಡು ಮರುಗಿದವರು ಕಡಿಮೆ. ಫೆಬ್ರವರಿಯ ದ್ರಾಕ್ಷಿ ಮತ್ತು ಕಲ್ಲಂಗಡಿ ಮೇಳಕ್ಕೆ ಕಾದು ಕೂತು ಅಪ್ಪನ ಜೊತೆ ಚೀಲ ಹಿಡಿದು ಹೋದ ಮಕ್ಕಳಲ್ಲಿ ನಾನೂ ಒಬ್ಬ.

ಆ ಸಂಘ ಕಟ್ಟಿದ ಬೆಳೆಗಾರರ ಹಣ್ಣು ಬೆಂಗಳೂರು ನೀಲಿ. ಅಂಗಡಿಯಲ್ಲಿ ಕೇಳುವಾಗ ನಾವು ಕಪ್ಪು ದ್ರಾಕ್ಷಿ ಅನ್ನುತ್ತೇವೆ. ಅದನ್ನು ತಿನ್ನುವ ರೀತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಾಯಿಯನ್ನು ತುಟಿಗಿಟ್ಟು ಒತ್ತಿದರೆ ಸಿಪ್ಪೆ ಬೆರಳಲ್ಲಿ ಉಳಿದು ತಿರುಳು ಒಂದೇ ಗುಕ್ಕಿಗೆ ಬಾಯೊಳಗೆ ಜಾರುತ್ತದೆ. ಬೀಜ ಉಗಿಯಬೇಕು, ಇಲ್ಲ ನುಂಗಬೇಕು. ಆಮೇಲೆ ಸಿಪ್ಪೆಯನ್ನು ಬೇರೆಯಾಗಿ ಜಗಿದರೆ ಹುಳಿ, ಒಗರು, ಜೊತೆಗೆ ಮೂಗಿಗೆ ಏರುವ ಒಂದು ಗಾಢ ವಾಸನೆ. ಅಂಗಡಿಯ ಬೇರೆ ದ್ರಾಕ್ಷಿಗಳಿಗೆ ಆ ವಾಸನೆ ಇಲ್ಲ. ಸುಮಾರು ನೂರೈವತ್ತು ವರ್ಷದಿಂದ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಲ್ಲುಕಂಬದ ಚಪ್ಪರಗಳ ಕೆಳಗೆ ಇದು ಬೆಳೆದಿದೆ, ವರ್ಷಕ್ಕೆ ಎರಡು ಬೆಳೆ ಕೊಟ್ಟಿದೆ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿತು. ಬೆಂಗಳೂರಿನ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಕ್ರಿಸ್‌ಮಸ್‌ಗೆಂದು ಜಾಡಿಗೆ ಹಾಕುತ್ತಿದ್ದದ್ದು ಇದೇ ಹಣ್ಣು. ಜೊತೆಗೆ ಸಕ್ಕರೆ, ಒಂದು ಹಿಡಿ ಗೋಧಿ, ಚಿಟಿಕೆ ಈಸ್ಟು, ಚಕ್ಕೆ, ಲವಂಗ. ದಿನಕ್ಕೊಮ್ಮೆ ಮರದ ಸೌಟಿನಿಂದ ಕಲಕಿ ಮುಚ್ಚಿಟ್ಟರೆ ಇಪ್ಪತ್ತೊಂದು ದಿನಕ್ಕೆ ಸೋಸುವುದು. ವೈನ್ ಎಂಬುದು ಈ ಸೀಮೆಗೆ ಹೊಸತು ಎನ್ನುವವರು ಆ ಜಾಡಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ವೈನ್ ಬಲ್ಲವರು ಬೆಂಗಳೂರು ನೀಲಿ ಎಂದರೆ ಮುಖ ಸಿಂಡರಿಸುತ್ತಾರೆ. ಅದು ಅಮೆರಿಕದ ಲಬ್ರುಸ್ಕಾ ಜಾತಿಯ ಬೆರಕೆ ಹಣ್ಣು, ಅದರ ವಾಸನೆ ಒರಟು, ಜ್ಯೂಸಿಗೆ ಆದೀತು, ಅಗ್ಗದ ಸಿಹಿ ವೈನಿಗೆ ಆದೀತು, ಮೇಜಿನ ಮೇಲೆ ಇಡುವ ವೈನಿಗೆ ಆಗದು ಎನ್ನುತ್ತಾರೆ. ಈ ತೀರ್ಪನ್ನು ನಾವು ಪ್ರಶ್ನೆಯಿಲ್ಲದೆ ನುಂಗಿದ್ದೇವೆ. ಆಸ್ಟ್ರಿಯಾದ ಬುರ್ಗೆನ್‌ಲಾಂಡಿನಲ್ಲಿ ಇದೇ ಬಳಗದ ಬೆರಕೆ ಹಣ್ಣುಗಳಿಂದ ಊಹೂಡ್ಲರ್ ಎಂಬ ವೈನ್ ಮಾಡುತ್ತಾರೆ. ಕಾನೂನು ಅದನ್ನು ಬಹುಕಾಲ ನಿಷೇಧಿಸಿತ್ತು. ಅಲ್ಲಿನ ಹಳ್ಳಿಗರು ಬಿಡಲಿಲ್ಲ. 1992ರಲ್ಲಿ ಅನುಮತಿ ಪಡೆದರು, ಇವತ್ತು ಆ ವಾಸನೆಯೇ ಅವರ ಊರಿನ ಗುರುತು, ಜನ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಬ್ರೆಜಿಲ್ಲಿನ ದಕ್ಷಿಣದಲ್ಲಿ ಇದರ ಹತ್ತಿರದ ನೆಂಟ ಇಸಾಬೆಲ್ ದ್ರಾಕ್ಷಿಯ ಮೇಲೆ ಊರೂರೇ ನಿಂತಿವೆ. ನಾವಾದರೋ ನಮ್ಮ ಊರಿನ ಹೆಸರನ್ನೇ ಹೊತ್ತ ಹಣ್ಣಿಗೆ ನಮ್ಮ ಊರಿನ ಒಳ್ಳೆಯ ಹೋಟೆಲಿನ ಮೇಜಿನ ಮೇಲೆ ಜಾಗ ಕೊಟ್ಟಿಲ್ಲ. ವೈಟ್‌ಫೀಲ್ಡಿನಲ್ಲಿ ನಾನು ಉಂಡ ಎಷ್ಟೋ ಕಡೆ ಚೀಸಿನ ತಟ್ಟೆಯಲ್ಲಿ ಬೀಜವಿಲ್ಲದ ದ್ರಾಕ್ಷಿ ಇತ್ತು. ನೀಲಿಯನ್ನು ಒಂದು ಕಡೆಯೂ ಕಾಣಲಿಲ್ಲ.

ನಂದಿ ತಪ್ಪಲಿನ ಹೊಸ ವೈನ್ ತೋಟಗಳನ್ನು ನಾನು ಹಳಿಯುತ್ತಿಲ್ಲ. 1988ರಲ್ಲಿ ಕನ್ವಲ್ ಗ್ರೋವರ್ ದೊಡ್ಡಬಳ್ಳಾಪುರದ ಹತ್ತಿರ ಫ್ರಾನ್ಸಿನ ತಳಿಗಳನ್ನು ನೆಟ್ಟು, ಇಲ್ಲಿ ಆಗದು ಎಂದವರ ಬಾಯಿ ಮುಚ್ಚಿಸಿದರು. ಅದು ಸಣ್ಣ ಸಾಹಸವಲ್ಲ. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಾರಸ ನೀತಿ ತಂದು ವೈನ್ ಮಂಡಳಿ ಕಟ್ಟಿದ್ದೂ ಬೆಳೆಗಾರನ ಹೆಸರು ಹೇಳಿಯೇ. ಕ್ಯಾಬರ್ನೆ, ಶಿರಾಜ್ ಬೆಳೆದು ಒಪ್ಪಂದದ ದರಕ್ಕೆ ಕೊಡುವ ರೈತರಿಗೆ ಲಾಭವಾಗಿದ್ದರೆ ಸಂತೋಷ. ಆದರೆ ವೈನ್ ಸೀಮೆ ಎಂಬ ಹೆಸರು ಆ ಕೆಲವು ತೋಟಗಳಿಗೆ ಮಾತ್ರ ಅಂಟಿಕೊಂಡು, ಸುತ್ತಲಿನ ನೀಲಿಯ ಚಪ್ಪರಗಳು ಟೂರಿನ ಬಸ್ಸಿನ ಕಿಟಕಿಯಿಂದ ಕಾಣುವ ಹಸಿರು ಮಾತ್ರವಾದವು. 2020ರ ಲಾಕ್‌ಡೌನಿನಲ್ಲಿ ಚಿಕ್ಕಬಳ್ಳಾಪುರದ ಕಡೆ ಕೊಯ್ಲಿಗೆ ಬಂದ ದ್ರಾಕ್ಷಿಯನ್ನು ಕೊಳ್ಳುವವರಿಲ್ಲದೆ ರೈತರು ತಿಪ್ಪೆಗೆ ಸುರಿದರು. ಸೀಮೆಗೆ ಹೆಸರು ತಂದವರು ಅವರು, ಆ ದಿನ ಸೀಮೆ ಅವರ ಜೊತೆ ನಿಲ್ಲಲಿಲ್ಲ. ನಮ್ಮ ಕಡೆ 'ವೈನ್ಸ್' ಎಂದು ಬೋರ್ಡು ಹಾಕಿದ ಅಂಗಡಿಗೆ ಹೋಗಿ ನೋಡಿ. ಕಟಕಟೆಯ ಮುಂದೆ ಗಾರ್ಮೆಂಟ್ಸ್ ಮುಗಿಸಿ ಬಂದವರು, ಗಾರೆ ಕೆಲಸದವರು ನೈಂಟಿ ಕೇಳುತ್ತಿರುತ್ತಾರೆ. ಇಪ್ಪತ್ತು ಮೈಲಿ ಆಚೆ ಬೆಳೆದ ದ್ರಾಕ್ಷಿಯ ರಸ, ಹದವಾಗಿ ಹುಳಿಬರಿಸಿ, ದುಡಿಯುವವನ ಕೈಗೆಟುಕುವ ದರದಲ್ಲಿ ಅಲ್ಲಿ ಸಿಗುವುದಿಲ್ಲ. ಕುಡಿತದ ಅನಾಹುತ ಮನೆಮನೆಯಲ್ಲಿ ಕಂಡವನಾಗಿ ಹೇಳುತ್ತೇನೆ, ಜನ ಕುಡಿಯುವುದನ್ನು ಹೆಚ್ಚಿಸಿ ಎಂದು ನಾನು ಕೇಳುತ್ತಿಲ್ಲ. ಚೆನ್ನಾಗಿ ಕುಡಿಯುವುದು ಎಂಬ ಮಾತು ಈ ಹೊರವಲಯದ ಬೆಲ್ಟಿನಲ್ಲಿ ಸಂಬಳದ ಮೇಲೆ ನಿಂತಿದೆ, ಅದನ್ನು ಹೇಳಲೇಬೇಕು. ಬ್ರೂವರಿಗಳ ವಿಷಯ ಉದ್ದ ಮಾಡುವುದಿಲ್ಲ. ಅವರ ಹಾಪ್ಸ್ ಹೊರದೇಶದ್ದು, ಬಾರ್ಲಿ ನಮ್ಮ ಹೊಲದ್ದಲ್ಲ. ಈ ಊರಿನದ್ದೆಂದರೆ ನೀರು ಮಾತ್ರ.

ನೀರಿನ ಮಾತಿಗೇ ಬರುತ್ತೇನೆ. ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ನಾನು ಆಗಾಗ ಉಣ್ಣುವ ಒಂದು ಮುದ್ದೆ ಮೆಸ್ ಇದೆ. ಶೀಟಿನ ಮಾಡು, ನಾಲ್ಕು ಬೆಂಚು. ನಡೆಸುವ ಅಮ್ಮ ಬೆಳಿಗ್ಗೆ ಹನ್ನೊಂದಕ್ಕೆ ಪಾತ್ರೆಯನ್ನು ಕವೆಗೋಲಿನಿಂದ ಒತ್ತಿ ಹಿಡಿದು ಮುದ್ದೆ ಕೋಲಿನಲ್ಲಿ ತಿರುವಲು ಶುರುಮಾಡಿದರೆ, ಹನ್ನೆರಡೂವರೆಗೆ ಲೇತ್ ಮೆಷಿನ್ನಿನ ಹುಡುಗರು ಎಣ್ಣೆಗೈ ತೊಳೆದು ಬಂದು ಕೂರುವ ಹೊತ್ತಿಗೆ ಬಿಸಿ ಮುದ್ದೆಗಳು ಬಟ್ಟೆಯ ಕೆಳಗೆ ಸಾಲಾಗಿ ಕೂತಿರುತ್ತವೆ. ಮಂಗಳವಾರ ಬಸ್ಸಾರು, ಶುಕ್ರವಾರ ಮಸೊಪ್ಪು, ಚಳಿಗಾಲದಲ್ಲಿ ಹಿತಕಿದ ಬೇಳೆ. ಒಂದು ಬೆಳಿಗ್ಗೆ ಸೊಪ್ಪಿನವನು ಗಾಡಿ ನಿಲ್ಲಿಸಿದಾಗ ನಾನು ಅಲ್ಲೇ ಇದ್ದೆ. ಆಕೆ ದಂಟಿನ ಕಟ್ಟು ಬಿಚ್ಚಿ, ಬುಡ ಮೂಸಿ ಕೇಳಿದರು, "ಯಾವ ಕಡೇದಪ್ಪಾ ಇದು?" ಅವನು ಒಂದು ಊರು ಹೇಳಿದ. "ಅಲ್ಲಿ ಮೋರಿ ನೀರು ಬಿಡ್ತಾರೆ. ಬೇಯಿಸಿದಾಗ ಗೊತ್ತಾಗತ್ತೆ ನಂಗೆ. ಬೇಡ, ಒಯ್ಯಿ." ಅವತ್ತು ಬಸ್ಸಾರು ಸೊಪ್ಪಿಲ್ಲದೆ ಬರಿಯ ಕಾಳಿನದಾಯಿತು. ಉಂಡವರ್ಯಾರೂ ಗೊಣಗಲಿಲ್ಲ.

ಆ ಮೂರು ಮಾತಿನಲ್ಲಿ ಆಕೆ ಮಾಡಿದ ಕೆಲಸವನ್ನು ಫಾರ್ಮ್ ಟು ಟೇಬಲ್ ಎಂದು ಬರೆದುಕೊಂಡ ಯಾವ ಮೆನುವೂ ಮಾಡಿದ್ದನ್ನು ನಾನು ಕಂಡಿಲ್ಲ. ಸೊಪ್ಪು ಯಾವ ಊರಿನದು ಎಂದು ಮೆನುವಿನಲ್ಲಿ ಬರೆದಿರುತ್ತದೆ, ಯಾವ ನೀರಿನದು ಎಂದು ಬರೆದಿರುವುದಿಲ್ಲ. ಈ ಬೆಲ್ಟಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೇ ನೀರಿನದು. ಪೀಣ್ಯದ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿಂದ ಅಲ್ಲಿನ ಅಂತರ್ಜಲಕ್ಕೆ ಕ್ರೋಮಿಯಂ ಇಳಿದಿರುವುದು ಹೊಸ ಸುದ್ದಿಯಲ್ಲ. ಊರಿನ ಪಶ್ಚಿಮ ಭಾಗದ ಕೊಳೆಯೆಲ್ಲ ಹೊತ್ತ ವೃಷಭಾವತಿ ಬೈರಮಂಗಲ ಕೆರೆಗೆ ಹೋಗಿ ನಿಲ್ಲುತ್ತದೆ, ಅಲ್ಲಿಂದ ಹೊಲಗಳಿಗೆ ಹರಿಯುತ್ತದೆ. ಪೂರ್ವದ ಕೊಳೆ ಬೆಳ್ಳಂದೂರು, ವರ್ತೂರು ಕೆರೆಗಳಿಗೆ. ಬೆಳ್ಳಂದೂರು ಕೆರೆಗೆ 2015ರಲ್ಲಿ, 2017ರಲ್ಲಿ, 2018ರಲ್ಲಿ ಬೆಂಕಿ ಹತ್ತಿತು. ನೀರಿಗೆ ಬೆಂಕಿ. ವರ್ತೂರಿನ ನೊರೆ ರಸ್ತೆಗೆ ಹಾರಿ ಸ್ಕೂಟರಿನವರ ಮುಖಕ್ಕೆ ಬಡಿಯಿತು. ಆ ಕೆರೆಯ ಕೋಡಿ ನೀರು ದಕ್ಷಿಣ ಪಿನಾಕಿನಿಗೆ ಸೇರಿ ಹೊಸೂರಿನ ಕಡೆ ಇಳಿಯುತ್ತದೆ, ದಾರಿಯುದ್ದಕ್ಕೂ ಪಂಪುಸೆಟ್ಟುಗಳು ಅದನ್ನೇ ಎತ್ತುತ್ತವೆ.

2018ರಿಂದ ಇನ್ನೊಂದು ದಾರಿ ತೆರೆದಿದೆ. ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಚರಂಡಿ ನೀರನ್ನು ಎರಡನೇ ಹಂತದವರೆಗೆ ಮಾತ್ರ ಶುದ್ಧಿ ಮಾಡಿ ಕೋಲಾರದ ಕೆರೆಗಳಿಗೆ ಪೈಪಿನಲ್ಲಿ ಏರಿಸುತ್ತಾರೆ. ಯೋಜನೆಯ ಲೆಕ್ಕ ದಿನಕ್ಕೆ 440 ದಶಲಕ್ಷ ಲೀಟರ್. ಹೆಬ್ಬಾಳ, ನಾಗವಾರ ಕಣಿವೆಯಿಂದ ಚಿಕ್ಕಬಳ್ಳಾಪುರದ ಕಡೆಗೆ 210. ಲಕ್ಷ್ಮೀಸಾಗರ ಕೆರೆಗೆ ನೀರು ಬಂದ ಮೊದಲ ತಿಂಗಳುಗಳಲ್ಲೇ ನೊರೆ ಬಂತು, ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಗಿ ಬಂತು. ಸಾವಿರದೈನೂರು ಅಡಿ ಕೊರೆದರೂ ದೂಳು ಬರುತ್ತಿದ್ದ ಬೋರ್‌ವೆಲ್‌ಗಳು ಆಮೇಲೆ ಜೀವ ಹಿಡಿದವು ಎಂದು ಅಲ್ಲಿನ ಅನೇಕ ರೈತರು ಹೇಳುತ್ತಾರೆ, ಅವರ ಮಾತಿಗೆ ತೂಕವಿದೆ. ಬಾಯಾರಿದವನಿಗೆ ನೀರು ಬೇಡ ಎನ್ನುವ ಹಕ್ಕು ನನಗಿಲ್ಲ. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಎಂಬ ಅವರ ಬೇಡಿಕೆಯ ಹಿಂದೆ ವೈಟ್‌ಫೀಲ್ಡಿನ ನಾವು ನಿಂತಿದ್ದೇವೆಯೆ? ನಿಂತಿಲ್ಲ. 2024ರ ಬೇಸಿಗೆಯಲ್ಲಿ ನಮ್ಮ ನಲ್ಲಿ ನಿಂತಾಗ ಸುತ್ತಲಿನ ಹಳ್ಳಿಗಳ ಬೋರ್‌ವೆಲ್ಲಿನಿಂದ ಟ್ಯಾಂಕರ್ ತರಿಸಿಕೊಂಡೆವು. ಹಳ್ಳಿಯ ಸಿಹಿನೀರು ನಮ್ಮ ಮನೆಗೆ ಬಂತು, ನಾವು ತೊಳೆದ ತಟ್ಟೆಯ ನೀರು ಹಳ್ಳಿಯ ಕೆರೆಗೆ ಹೋಯಿತು. ಆ ನೀರಿನಲ್ಲಿ ಬೆಳೆದ ಟೊಮೆಟೊ, ಕೊತ್ತಂಬರಿ ಮತ್ತೆ ನಮ್ಮ ಮೇಜಿಗೇ ಬರುತ್ತದೆ.

'ರುಚಿಗೆ ಬೇಲಿ ಹಾಕಬೇಡಿ, ಪಾಸ್ತಾ ತಿನ್ನುವವನು ತಿನ್ನಲಿ, ಮುದ್ದೆ ಉಣ್ಣುವವನು ಉಣ್ಣಲಿ' ಎಂದು ನನ್ನ ಗೆಳೆಯರು ವಾದಿಸುತ್ತಾರೆ. ನನ್ನದೇನೂ ತಕರಾರಿಲ್ಲ. ಟೊಮೆಟೊ ಒಂದು ಕಾಲಕ್ಕೆ ಹೊರಗಿನದೇ, ಕೋಲಾರದವರು ಅದನ್ನು ತಮ್ಮದು ಮಾಡಿಕೊಂಡರು. ಹೊಸಕೋಟೆಯಲ್ಲಿ ಬೆಳಗಿನ ಜಾವ ನಾಲ್ಕಕ್ಕೇ ದಮ್ ಬಿರಿಯಾನಿಗೆ ಸಾಲು ನಿಲ್ಲುವವರಲ್ಲಿ ಸಾಫ್ಟ್‌ವೇರ್ ಹುಡುಗರೂ ಇದ್ದಾರೆ, ಲಾರಿ ಡ್ರೈವರುಗಳೂ ಇದ್ದಾರೆ. ಅಲ್ಲಿ ಯಾರ ನಾಲಿಗೆಯೂ ಯಾರದನ್ನೂ ಕೀಳು ಮಾಡುವುದಿಲ್ಲ. ನಾನು ವಿರೋಧಿಸುವುದು ಕೀಳು ಮೇಲು ಎಂದು ಅಳೆಯುವ ಒಂದು ಅಳತೆಗೋಲನ್ನು. ಆ ಅಳತೆಯಲ್ಲಿ ರಾಗಿ 'ಆರೋಗ್ಯ'ವಾದಾಗ ಮಾತ್ರ ಮೇಜು ಹತ್ತುತ್ತದೆ, ಸೊಗಡವರೆ 'ಫ್ಯೂಷನ್' ಆದಾಗ ಮಾತ್ರ. ಚಿಕ್ಕಬಳ್ಳಾಪುರ, ಕೋಲಾರದ ಗುಲಾಬಿ ಈರುಳ್ಳಿಗೂ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಅದು ಹಡಗು ಹತ್ತಿ ಸಿಂಗಪುರ, ಮಲೇಷ್ಯಾಕ್ಕೆ ಹೋಗುತ್ತದೆ, ಅದನ್ನು ಬೆಳೆಯುವ ಸೀಮೆಯ ಹೋಟೆಲಿನವನಿಗೆ ಅದರ ಪರಿಚಯವೇ ಇಲ್ಲ. ಅವರೆಯ ವಿಷಯದಲ್ಲಿ ಒಂದು ಮಾತು ಸೇರಿಸುತ್ತೇನೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರು ಎಚ್‌.ಎ. 3, ಎಚ್‌.ಎ. 4 ಎಂಬ ತಳಿ ಕೊಟ್ಟ ಮೇಲೆ ಅವರೆ ವರ್ಷವಿಡೀ ಸಿಗುತ್ತದೆ. ಅದು ರೈತನಿಗೆ ದೊಡ್ಡ ಉಪಕಾರ. ಆದರೂ ಇಬ್ಬನಿ ಬಿದ್ದ ಪುಷ್ಯದ ಬೆಳಿಗ್ಗೆ ಕಾಯಿ ಹಿಡಿದರೆ ಬೆರಳಿಗೆ ಅಂಟುವ ಜಿಡ್ಡು, ಆ ಸೊಗಡು, ಹಳೆಯ ತಳಿಯದ್ದೇ. ಅದನ್ನು ಉಳಿಸುವವನು ಆನೇಕಲ್, ಹೊಸಕೋಟೆ, ಮಾಗಡಿಯ ಸಣ್ಣ ಹಿಡುವಳಿಯ ರೈತ, ಅದೂ ಅವನ ಹತ್ತಿರ ಹೊಲ ಉಳಿದಿದ್ದರೆ ಮಾತ್ರ.

ಹೊಲ ಉಳಿಯುವುದು ಸುಲಭವಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕಿಗೆಂದು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆ.ಐ.ಎ.ಡಿ.ಬಿ.) ನೋಟಿಫೈ ಮಾಡಿತು. ದ್ರಾಕ್ಷಿ, ಮಾವು, ತರಕಾರಿ, ಹೂವು, ಹಾಲು ಕೊಡುವ ಜಮೀನು ಅದು, ವೈನ್ ಟೂರಿನ ಕಾರುಗಳು ಓಡಾಡುವ ಸೀಮೆಯದ್ದು. ರೈತರು 1,198 ದಿನ ಧರಣಿ ಕೂತರು. ಮಳೆಗಾಲ ಮೂರು ಕಳೆದವು. ಕೊನೆಗೆ 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಭೂಸ್ವಾಧೀನ ಕೈಬಿಟ್ಟದ್ದಾಗಿ ಘೋಷಿಸಿದರು. ಆ ಮೂರು ವರ್ಷದಲ್ಲಿ ಕಾರ್ಮಿಕ ಸಂಘಟನೆಯವರು ಹೋಗಿ ಕೂತರು, ವಿದ್ಯಾರ್ಥಿಗಳು ಹೋದರು, ಕಲಾವಿದರು ಹೋದರು. ಸ್ಥಳೀಯ, ತಾಜಾ, ರೈತಸ್ನೇಹಿ ಎಂಬ ಮಾತುಗಳಿಂದಲೇ ಬದುಕುವ ರೆಸ್ಟೋರೆಂಟುಗಳಲ್ಲಿ ಒಂದಾದರೂ ತನ್ನ ಬಾಗಿಲಿಗೆ ಆ ಹಳ್ಳಿಗಳ ಪರವಾಗಿ ಒಂದು ಕಾಗದ ಅಂಟಿಸಿದ್ದನ್ನು ನಾನು ಓಡಾಡಿದ ದಾರಿಯಲ್ಲಿ ಕಾಣಲಿಲ್ಲ. ಜಮೀನೇ ಹೋದ ಮೇಲೆ ತಟ್ಟೆಗೆ ತೋಟ ಎಲ್ಲಿಂದ ಬಂದೀತು?

ಹಾಗಾಗಿ ನಾನು ಕೇಳುವುದು ಇಷ್ಟು. ಮೆನುವಿನಲ್ಲಿ ಹಳ್ಳಿಯ ಹೆಸರು ಬರೆಯುವವರು ಆ ಹಳ್ಳಿಯ ರೈತನಿಗೆ ಕಿಲೋಗೆ ಎಷ್ಟು ಕೊಟ್ಟೆವು ಎಂಬುದನ್ನೂ ಪಕ್ಕದಲ್ಲಿ ಬರೆಯಲಿ. ಹಾಪ್‌ಕಾಮ್ಸ್ ಸ್ಲೇಟಿನ ಮೇಲೆ ದರ ಬರೆದು ನಮಗೆ ಆ ರೂಢಿ ಕಲಿಸಿತ್ತು. ಯಾವ ನೀರಿನಲ್ಲಿ ಬೆಳೆದದ್ದು ಎಂದು ಬರೆಯಲಿ. ತಮ್ಮ ಅಡುಗೆಮನೆಯ ನೀರು ಎಲ್ಲಿಗೆ ಹೋಗುತ್ತದೆ ಎಂದು ಬರೆಯಲಿ. ದ್ರಾಕ್ಷಿಯ ಕಾಲದಲ್ಲಿ ಒಂದು ತಿಂಗಳು ಬೆಂಗಳೂರು ನೀಲಿಯನ್ನು ಮುಂಗಡ ಒಪ್ಪಿ ಕೊಳ್ಳಲಿ, ಮಂಡಿಯ ದರ ಬಿದ್ದ ದಿನವೂ ಅದೇ ದರಕ್ಕೆ. ಉಣ್ಣುವ ನಾವು ಬಿಲ್ಲು ಕೊಡುವ ಮೊದಲು ಆ ಮೆಸ್ಸಿನ ಅಮ್ಮ ಕೇಳಿದ ಪ್ರಶ್ನೆ ಕೇಳೋಣ.

ಭೂಸ್ವಾಧೀನ ಕೈಬಿಟ್ಟ ಘೋಷಣೆಯಾದ ಕೆಲವು ವಾರಕ್ಕೆ ಚನ್ನರಾಯಪಟ್ಟಣ ಹೋಬಳಿಯ ಒಂದು ಊರಿಗೆ ಹೋಗಿದ್ದೆ. ಒಬ್ಬ ಹಿರಿಯರು ಚಪ್ಪರದ ಕೆಳಗೆ ತಂತಿ ಬಿಗಿಯುತ್ತಿದ್ದರು. ನೋಟಿಫಿಕೇಷನ್ ಬಂದಾಗಿನಿಂದ ಆ ತೋಟಕ್ಕೆ ಒಂದು ರೂಪಾಯಿ ಹಾಕಿರಲಿಲ್ಲವಂತೆ. ಹೋಗುವ ಜಮೀನಿಗೆ ಸಾಲ ಯಾರು ಕೊಡುತ್ತಾರೆ, ಕೊಟ್ಟರೂ ಯಾವ ನಂಬಿಕೆಯ ಮೇಲೆ ತೆಗೆದುಕೊಳ್ಳುವುದು? ತುಕ್ಕು ಹಿಡಿದ ಹಳೆಯ ತಂತಿ ಬದಿಗೆ ಸುರುಳಿಯಾಗಿ ಬಿದ್ದಿತ್ತು, ವಾಲಿದ ಎರಡು ಕಲ್ಲುಕಂಬಗಳನ್ನು ಕಿತ್ತು ಮತ್ತೆ ನೆಟ್ಟಿದ್ದರು. ಈಗ ಸವರಿದರೆ ಐದು ತಿಂಗಳೊಳಗೆ ಹಣ್ಣು ಎಂದರು. ನೀವು ಎಲ್ಲಿಂದ ಎಂದು ಕೇಳಿದರು. ವೈಟ್‌ಫೀಲ್ಡ್ ಎಂದೆ.

"ಅಲ್ಲಿ ಹೋಟ್ಲುಗಳಲ್ಲಿ ನಮ್ಮ ಹಣ್ಣು ಇಡ್ತಾರಾ ಸಾಮಿ?"

ಇಲ್ಲ ಎಂದೆ. ಅವರು ಇಕ್ಕಳದಿಂದ ತಂತಿಯ ತುದಿ ತಿರುವಿ ಕಂಬಕ್ಕೆ ಸಿಕ್ಕಿಸಿ, ಬೆರಳಿನಿಂದ ಮೀಟಿ ಬಿಗಿ ನೋಡಿ, ಮುಂದಿನ ಕಂಬಕ್ಕೆ ಹೋದರು.